ಪಂಪಮ್ಮನ ಡೈಮಂಡ್ ಖಾತೆ

“ಇದು ಮೊದಲಿನ ಸಾದಾ ಕರೆಂಟ್ ಅಕೌಂಟ್ ಅಲ್ರಿ, ಈಗ ಡೈಮಂಡ್ ಐತಿ,” ಎಂದು ಮ್ಯಾನೇಜರ್ ಮರಿಸ್ವಾಮಿ ಕಂಪ್ಯೂಟರಿನ ಪರದೆಯನ್ನು ಪಂಪಮ್ಮನ ಕಡೆಗೆ ತಿರುಗಿಸಿದರು. “ನಮ್ಮ ಮಸ್ಕಿ ಬ್ರಾಂಚಿನಾಗ ಹೆಣ್ಣುಮಕ್ಕಳ ಪೈಕಿ ನಿಮ್ಮದ ಮೊದಲನೇದು.”

ಪಂಪಮ್ಮ ಪರದೆಯತ್ತ ನೋಡಲಿಲ್ಲ. ತನ್ನ ಮೊಬೈಲನ್ನು ಅವರ ಮೇಜಿನ ಮೇಲಿಟ್ಟಳು. ಅದರಲ್ಲಿ ಲಿಂಗಸುಗೂರಿನ ಜೋಳದ ವ್ಯಾಪಾರಿ ಅಮರಗುಂಡಪ್ಪ ಬೆಳಿಗ್ಗೆ ಕಳಿಸಿದ್ದ ಫೋಟೋ ಇತ್ತು. ಅವಳೇ ಸಹಿ ಮಾಡಿ ಕೊಟ್ಟ ಚೆಕ್ಕು. ಅದರ ನೆತ್ತಿಗೆ ಚುಚ್ಚಿದ ಬ್ಯಾಂಕಿನ ಚೀಟಿ. ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂದು ಚೀಟಿ ಹೇಳುತ್ತಿತ್ತು.

“ಡೈಮಂಡ್ ಖಾತೆದ ಚೆಕ್ಕು ವಾಪಸ್ ಹೆಂಗ ಬಂತ್ರಿ ಸಾಹೇಬ್ರ?”

ಹನ್ನೊಂದು ವರ್ಷದ ಹಿಂದೆ ಎರಡು ಹಂಚು ಇಟ್ಟುಕೊಂಡು ರೊಟ್ಟಿ ಬಡಿಯಲು ಕೂತವಳು ಪಂಪಮ್ಮ. ಈಗ ಅವಳ ತಗಡಿನ ಶೆಡ್ಡಿನಲ್ಲಿ ಏಳು ಜನ ಹೆಂಗಸರು ದುಡಿಯುತ್ತಿದ್ದರು. ಸಿಂಧನೂರಿನ ಮೂರು ಹಾಸ್ಟೆಲ್ಲುಗಳಿಗೆ, ನಾಲ್ಕಾರು ಖಾನಾವಳಿಗಳಿಗೆ ಅವಳದೇ ರೊಟ್ಟಿ. ಹಾಸ್ಟೆಲ್ಲಿನವರು ಖಾತೆಗೇ ಹಣ ಹಾಕುತ್ತೇವೆ ಎಂದಿದ್ದಕ್ಕೆ ಕರೆಂಟ್ ಅಕೌಂಟ್ ತೆಗೆದಿದ್ದಳು. ಹದಿನೈದು ದಿನಕ್ಕೊಮ್ಮೆ ಲಿಂಗಸುಗೂರಿನಿಂದ ಜೋಳ ಬರುತ್ತಿತ್ತು, ಇಲ್ಲಿಂದ ಚೆಕ್ಕು ಹೋಗುತ್ತಿತ್ತು. ಒಂದು ಸಲವೂ ತಪ್ಪಿರಲಿಲ್ಲ.

ಇವತ್ತು ಬೆಳಿಗ್ಗೆ ಜೋಳದ ಬದಲು ಅಮರಗುಂಡಪ್ಪನ ಫೋನು ಬಂದಿತ್ತು. “ಲೋಡ್ ನಿಲ್ಲಿಸೀನಿ ತಂಗಿ. ರೊಕ್ಕ ಇರಲಿಲ್ಲಂದ್ರ ಬಾಯಿಬಿಟ್ಟು ಹೇಳಬೇಕಿತ್ತು. ಸುಳ್ಳು ಚೆಕ್ ಯಾಕ ಕೊಟ್ಟಿ?” ಅವನ ಹಿಂದೆ ಅಂಗಡಿಯಲ್ಲಿ ಯಾರೋ ನಕ್ಕದ್ದು ಕೇಳಿಸಿತು. ಆ ನಗು ಶೆಡ್ಡಿನಿಂದ ಬ್ಯಾಂಕಿನವರೆಗೆ ಪಂಪಮ್ಮನ ಕಿವಿಯಲ್ಲೇ ಇತ್ತು.

ಮರಿಸ್ವಾಮಿ ಕನ್ನಡಕ ಏರಿಸಿ ಓದತೊಡಗಿದರು. ಡೈಮಂಡ್ ಖಾತೆಯಲ್ಲಿ ಯಾವಾಗಲೂ ಲಕ್ಷ ರೂಪಾಯಿ ಇರಬೇಕು. ಇರಲಿಲ್ಲ, ಅದಕ್ಕೆ ಮೂರು ತಿಂಗಳ ದಂಡ. ಅದರ ಮೇಲೆ ತೆರಿಗೆ. ಜೊತೆಗೆ ಒಂದು ವಿಮೆ, ಅದರ ಕಂತು ಹೋದ ವಾರ ಕಡಿತವಾಗಿದೆ. ಹಾಗಾಗಿ ಚೆಕ್ಕು ಬಂದ ದಿನ ಸಾವಿರದ ಚಿಲ್ಲರೆ ಕಡಿಮೆ ಬಿದ್ದಿದೆ, ಅಷ್ಟೇ.

“ವಿಮೆ ಯಾರು ಕೇಳಿದ್ರು? ಡೈಮಂಡ್ ಯಾರು ಕೇಳಿದ್ರು?”

“ನಿಮ್ಮ ಒಪ್ಪಿಗಿ ಐತಲ್ರಿ. ನಿಮ್ಮ ಮೊಬೈಲಿಗೆ ಒಟಿಪಿ ಬಂದೈತಿ, ನೀವು ಕೊಟ್ಟೀರಿ. ಮಷೀನ್ ಸುಳ್ಳು ಹೇಳಂಗಿಲ್ಲ.”

ಪಂಪಮ್ಮನಿಗೆ ಮೂರು ತಿಂಗಳ ಹಿಂದಿನ ಒಂದು ದಿನ ಕಣ್ಣಿಗೆ ಕಟ್ಟಿತು. ಇದೇ ಬ್ಯಾಂಕಿನ ವೀರೇಶ ಶೆಡ್ಡಿಗೆ ಬಂದಿದ್ದ. ಅಕ್ಕಾರ, ಅಕ್ಕಾರ ಎನ್ನುತ್ತ ಬಾಗಿಲಲ್ಲೇ ಬೂಟು ಬಿಚ್ಚಿದ್ದ. ಶೆಡ್ಡಿನ ಕೆಲಸದ ರಹೀಮಾಬೀ ಕೊಟ್ಟ ಬಿಸಿ ರೊಟ್ಟಿಯನ್ನು ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದು, ಇಂಥ ರೊಟ್ಟಿ ನಮ್ಮವ್ವನ ಕೈಯಾಗ ಅಷ್ಟ ತಿಂದಿದ್ದೆ ಎಂದಿದ್ದ. ಕೆವೈಸಿ ಮಾಡಬೇಕ್ರಿ, ಇಲ್ಲಂದ್ರ ಖಾತೆ ಬಂದ್ ಆಗ್ತೈತಿ ಎಂದಿದ್ದ. ಪಂಪಮ್ಮನ ಎರಡೂ ಕೈ ಪರಾತದ ಹಿಟ್ಟಿನಲ್ಲಿದ್ದವು. “ನೀವು ಕೈ ತೊಳಕೋಬ್ಯಾಡ್ರಿ, ನಾ ನೋಡ್ಕೋತೀನಿ,” ಎಂದು ತಾನೇ ಅವಳ ಫೋನು ಎತ್ತಿಕೊಂಡು ಏನೇನೋ ಒತ್ತಿದ್ದ.

“ವೀರೇಶನ್ನ ಕರೀರಿ,” ಎಂದಳು.

ವೀರೇಶ ಬಂದು ಮ್ಯಾನೇಜರರ ಕುರ್ಚಿಯ ಪಕ್ಕ ನಿಂತ. ಕೊರಳಲ್ಲಿ ಬ್ಯಾಂಕಿನ ಪಟ್ಟಿ, ಕೈಯಲ್ಲಿ ಯಾವುದೋ ಫಾರ್ಮುಗಳ ಕಟ್ಟು.

“ಅವತ್ತು ನನ್ನ ಫೋನ್ ಯಾರ ಕೈಯಾಗ ಇತ್ತಪ್ಪ?”

ಅವನು ಮ್ಯಾನೇಜರರ ಮುಖ ನೋಡಿದ. ಮ್ಯಾನೇಜರರು ಗಂಟಲು ಸರಿಮಾಡಿಕೊಂಡು ನಗುತ್ತಲೇ ಮುಂದಕ್ಕೆ ಬಾಗಿದರು. “ಆಗಿದ್ದು ಆತು ಬಿಡ್ರಿ ಅಮ್ಮಾರ. ನಾ ಒಂದು ಹಾದಿ ಹೇಳ್ತೀನಿ ಕೇಳ್ರಿ. ಡೈಮಂಡಿಂದ ಕೆಳಗ ಇಳಿಸೋದು ರಗಳಿ. ಅದರ ಬದಲಿ ಇನ್ನೊಂದು ಮೆಟ್ಟಲು ಏರಿಸಿಬಿಡೋಣು, ರಾಯಲ್ ಅಂತ ಐತಿ. ಅದನ್ನ ತಗೊಂಡ್ರ ಈ ದಂಡ ಎಲ್ಲಾ ಮಾಫಿ. ಎರಡು ಲಕ್ಷದ್ದೊಂದು ಡಿಪಾಜಿಟ್ ಇಟ್ಟರ ಸಾಕು.”

ಪಂಪಮ್ಮನ ಕಿವಿಯ ಬುಡ ಕಾದ ಹಂಚಿನಂತಾಗಿತ್ತು.

“ಸಾಹೇಬ್ರ, ಮನಿಗೆ ಬೆಂಕಿ ಹಚ್ಚಿ, ನೀರಿನ ಕೊಡ ಮಾರಾಕ ಬಂದೀರೇನು?”

ದನಿ ಏರಿತ್ತು. ಹೊರಗೆ ಸಾಲಿನಲ್ಲಿದ್ದವರು ಗಾಜಿನ ಬಾಗಿಲ ಕಡೆ ತಿರುಗಿದರು. ಮರಿಸ್ವಾಮಿ ಎದ್ದು ಬಾಗಿಲು ಮುಚ್ಚಲು ಹೋದರೆ ಪಂಪಮ್ಮ ಕಾಲು ಅಡ್ಡ ಇಟ್ಟಳು. “ತೆರದ ಇರಲಿ. ನನ್ನ ಮರ್ಯಾದಿ ಲಿಂಗಸುಗೂರು ಬಜಾರದಾಗ ಬಾಗಿಲ ತೆರದ ಹೋಗೈತಿ.”

“ಏನ್ ಮಾಡಂತೀರಿ ಈಗ? ರೊಕ್ಕ ವಾಪಸ್ಸಿಗೆ ಅರ್ಜಿ ಕೊಡ್ರಿ, ಮ್ಯಾಲಿನ ಆಫೀಸಿಗೆ ಕಳಸ್ತೀವಿ.”

“ರೊಕ್ಕದ ಮಾತು ಆಮ್ಯಾಲೆ. ಮೊದಲ ಒಂದು ಚೀಟಿ ಬರಕೊಡ್ರಿ. ತಪ್ಪು ಬ್ಯಾಂಕಿಂದು, ಪಂಪಮ್ಮಂದಲ್ಲ ಅಂತ. ಸಹಿ, ಶಿಕ್ಕಾ ಹಾಕ್ರಿ.”

“ಹಂಗೆಲ್ಲಾ ಬರಕೊಡಾಕ ನಮಗ ಪವರ್ ಇಲ್ರಿ.”

“ಕೇಳಲಾರದ ಖಾತೆ ಏರಸಾಕ ಪವರ್ ಐತಿ, ಹೌದಿಲ್ಲೊ?”

ಸಾಲಿನಲ್ಲಿದ್ದ ಸಂತೆಕಲ್ಲೂರಿನ ಮುದುಕನೊಬ್ಬ, “ನಂದೂ ಪಿಂಚಣಿದಾಗ ಏನೋ ಹಿಡಕೊಂಡಾರ ನೋಡವ್ವ,” ಎಂದ. ಇನ್ನೊಬ್ಬರು ಪಾಸ್‌ಬುಕ್ ತೆರೆದರು. ಮರಿಸ್ವಾಮಿಯವರ ಹಣೆಯಲ್ಲಿ ಬೆವರು ಕಾಣಿಸಿತು.

“ಬರಿಯಾಕ ಬರಲ್ಲಂದ್ರ ಬಾಯಿಲೆ ಹೇಳ್ರಿ,” ಎಂದು ಪಂಪಮ್ಮ ತನ್ನ ಮೊಬೈಲಿನಲ್ಲಿ ಅಮರಗುಂಡಪ್ಪನ ನಂಬರು ಒತ್ತಿ, ಸ್ಪೀಕರ್ ಹಾಕಿ ಅವರ ಮುಂದೆ ಸರಿಸಿದಳು.

ಎರಡು ರಿಂಗಿಗೇ ಅತ್ತಲಿಂದ ಹಲೋ ಬಂತು. ಮರಿಸ್ವಾಮಿ ತಡವರಿಸಿದರು. “ನಮಸ್ಕಾರ್ರಿ, ಮಸ್ಕಿ ಬ್ಯಾಂಕ್ ಮ್ಯಾನೇಜರ್ ಮಾತಾಡಾಕತ್ತೀನಿ. ಪಂಪಮ್ಮನವರ ಚೆಕ್ಕಿನ ವಿಷಯ. ಸ್ವಲ್ಪ ಟೆಕ್ನಿಕಲ್ ತೊಂದ್ರಿ ಆಗಿ…”

“ತೊಂದ್ರಿ ಅಲ್ಲ. ಆಗಿದ್ದು ಹೇಳ್ರಿ,” ಎಂದಳು ಪಂಪಮ್ಮ.

ಕೈಯಲ್ಲಿದ್ದ ಫಾರ್ಮುಗಳನ್ನು ಮೇಜಿನ ಮೇಲಿಟ್ಟು ವೀರೇಶನೇ ಫೋನಿನ ಕಡೆ ಬಾಗಿದ. “ನನ್ನಿಂದ ಆಗೈತ್ರಿ. ಅವರನ್ನ ಕೇಳಲಾರದ ಖಾತೆ ಬದಲಿ ಮಾಡೀನಿ, ವಿಮೆ ಹಚ್ಚೀನಿ. ಅವರ ರೊಕ್ಕ ಖಾತೆದಾಗ ಇತ್ತು. ನಾವು ಹಿಡಕೊಂಡೀವಿ.”

ಅತ್ತಲಿಂದ ಅಮರಗುಂಡಪ್ಪ ಹೇಳಿದ. “ಹಂಗೇನು? ಆತು. ತಂಗಿಗೆ ಬರಾಕ ಹೇಳ್ರಿ. ಅಂದಂಗ ನನ್ನ ಖಾತೇನೂ ನಿಮ್ಮ ಲಿಂಗಸುಗೂರು ಬ್ರಾಂಚಿನಾಗ ಐತಿ. ನಂದು ಈಗ ಏನಾಗೈತಿ, ನೋಡಿ ಹೇಳ್ರಿ ಸ್ವಲ್ಪ.”

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಮರಿಸ್ವಾಮಿ ಫೋನು ಕಟ್ ಮಾಡಿದರು.

ಅರ್ಜಿಯನ್ನು ಪಂಪಮ್ಮ ತಾನೇ ಬರೆದಳು. ಖಾತೆ ಮೊದಲಿದ್ದಂತೆ ಮಾಡಬೇಕು, ವಿಮೆ ರದ್ದು ಮಾಡಬೇಕು, ಹಿಡಿದದ್ದೆಲ್ಲ ತಿರುಗಿ ಹಾಕಬೇಕು. ನಕಲಿನ ಮೇಲೆ ಬ್ಯಾಂಕಿನ ಮೊಹರು ಬೀಳುವವರೆಗೆ ಕುರ್ಚಿ ಬಿಡಲಿಲ್ಲ. ಹೊರಗೆ ಬರುವಾಗ ವೀರೇಶ ಮೆಟ್ಟಿಲವರೆಗೆ ಹಿಂದೆ ಬಂದ.

“ತಿಂಗಳಿಗೆ ಇಪ್ಪತ್ತು ಖಾತೆ ಏರಿಸಬೇಕಂತ ಜೀವ ತಿಂತಾರ್ರಿ ಅಕ್ಕಾರ. ಇಲ್ಲಂದ್ರ ನೌಕರಿ ಹೋಗ್ತೈತಿ.”

“ಅದಕ್ಕ ನನ್ನ ಹೆಗಲ ಮ್ಯಾಲೆ ಕಾಲಿಟ್ಟಿಯೇನಪ್ಪ? ರೊಟ್ಟಿ ಉಂಡ ಬಾಯಿ ಒಣಗೋದರಾಗ?” ಎಂದಳು. ಅವನು ತಲೆ ತಗ್ಗಿಸಿದ. ಫೋನಿನಲ್ಲಿ ನಿಜ ಹೇಳಿದವನೂ ಇವನೇ ಎಂಬುದು ನೆನಪಾಗಿ ಅವಳು ಮತ್ತೇನೂ ಅನ್ನಲಿಲ್ಲ. ಸಿಟ್ಟು ಮಾತ್ರ ಇಳಿಯಲಿಲ್ಲ.

ಖಾತೆಯಲ್ಲಿ ಉಳಿದದ್ದನ್ನು ತೆಗೆದು, ಕಡಿಮೆ ಬಿದ್ದದ್ದನ್ನು ಮನೆಯಿಂದ ಕೂಡಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಲಿಂಗಸುಗೂರಿಗೆ ಹೋದಳು. ಅಂಗಡಿಯಲ್ಲಿ ಅಮರಗುಂಡಪ್ಪ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ, ಚಹಾ ತರಿಸಿದ. ಹಣ ತೆಗೆದುಕೊಂಡು ಹಳೆಯ ಚೆಕ್ಕನ್ನು ಅವಳ ಕೈಗೇ ಕೊಟ್ಟ.

“ಮನಸಿಗೆ ಹಚ್ಚಿಕೋಬ್ಯಾಡ ತಂಗಿ. ನೀ ಎಂಥಾಕಿ ಅಂತ ನನಗೊತ್ತಿಲ್ಲೇನು? ಆದ್ರ ಇನ್ನ ಮುಂದ ಚೆಕ್ ಬ್ಯಾಡವ್ವ. ಕೈಯಾಗ ರೊಕ್ಕ ಕೊಡು, ಮಾಲ್ ಒಯ್ಯಿ. ನಿನ್ನ ಮ್ಯಾಲೆ ಅನುಮಾನ ಅಲ್ಲ ಮತ್ತ.”

“ಆಗಲ್ರಿ ಅಣ್ಣಾರ,” ಎಂದಳು ಪಂಪಮ್ಮ.

ಹೊರಗೆ ಹಮಾಲರು ಅವಳ ಜೋಳದ ಚೀಲಗಳನ್ನು ಟೆಂಪೋಗೆ ಏರಿಸತೊಡಗಿದ್ದರು. ಅವಳು ಚಹಾದ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು ಎದ್ದಳು.

“ಒಂದು ಚೀಲ ಬಿಚ್ಚಸ್ರಿ. ಕಾಳು ನೋಡ್ತೀನಿ.”

ಹಮಾಲರು ನಿಂತರು. ಅಮರಗುಂಡಪ್ಪ ನಗಲು ನೋಡಿದ, ಆಗಲಿಲ್ಲ. “ಹನ್ನೊಂದು ವರ್ಷದಾಗ ಒಂದಿನ ಕೇಳಿದಾಕಿ ಅಲ್ಲ ನೀ.”

“ಹೌದ್ರಿ. ಕೇಳಿದ್ದಿಲ್ಲ. ನಿಮ್ಮ ಮ್ಯಾಲೆ ಅನುಮಾನ ಅಲ್ಲ ಮತ್ತ.”

ಹಮಾಲನೊಬ್ಬ ಯಜಮಾನನ ಮುಖ ನೋಡಿ, ಚೀಲದ ಹೊಲಿಗೆಯನ್ನು ಮೆಲ್ಲಗೆ ಎಳೆದ. ಪಂಪಮ್ಮ ಒಂದು ಹಿಡಿ ಜೋಳ ತೆಗೆದುಕೊಂಡು ಅಂಗಡಿಯ ನೆರಳಿನಿಂದ ಬಿಸಿಲಿಗೆ ಬಂದಳು. ಅಂಗೈ ಅಗಲಿಸಿ, ಹೆಬ್ಬೆರಳಿನಿಂದ ಕಾಳುಗಳನ್ನು ಒಂದೊಂದಾಗಿ ಸರಿಸಿ ನೋಡತೊಡಗಿದಳು.