ಬಿಸಿಯಾಗಬಾರದಿದ್ದ ಕಾಳು

೧

ಎಲ್ಲಿಂದ ಶುರು ಮಾಡಲಿ? ಕೇಳುತ್ತಿರುವುದು ನಿಮ್ಮನ್ನೇ. ಈಗಾಗಲೇ ಎರಡು ಸಲ ಶುರು ಮಾಡಿ ಕೈಸುಟ್ಟುಕೊಂಡಿದ್ದೇನೆ.

ಮೊದಲ ಸಲ ಬೆಂಕಿಯಿಂದ ಶುರು ಮಾಡಿದೆ. ಉರಿಯುವ ಗೋದಾಮು, ದಟ್ಟ ಹೊಗೆ, ಕುಸಿಯುವ ಚಾವಣಿ. ಅಕ್ಕ ಓದಿ, "ನೀನು ಅಲ್ಲಿದ್ದೆಯಾ?" ಎಂದಳು.

ಇರಲಿಲ್ಲ.

"ನಾನೂ ಇರ್ಲಿಲ್ಲ. ಒಳಗಿದ್ದವರು ಇಬ್ರು, ಅವರಿಗೇ ಒಂದಡಿ ಮುಂದಿಂದು ಕಾಣ್ತಿರ್ಲಿಲ್ವಂತೆ. ನಿನಗೆ ಹೇಗಪ್ಪಾ ಚಾವಣಿವರೆಗೂ ಕಾಣಿಸ್ತು?" ಎಂದು ಹಾಳೆ ಹಿಂದಿರುಗಿಸಿದಳು.

ಎರಡನೇ ಸಲ ವಿಜ್ಞಾನದಿಂದ ಶುರು ಮಾಡಿದೆ. 'ಅಧಿಶೋಷಣೆ ಎಂದರೆ' ಎಂದು ಮೊದಲ ಸಾಲು. ಅದಕ್ಕೂ ಅಕ್ಕ ತಲೆಯಾಡಿಸಿದಳು. "ಈ ಪದ ನೋಡಿದ್ ತಕ್ಷಣ ಓದೋರು ಪುಸ್ತಕ ಮಡಚಿಡ್ತಾರೆ. ನಾವು ಕಾಳು ಅಂತೀವಿ. ಕಾಳು ಅಂತ್ಲೇ ಬರಿ."

(ನನ್ನ ಹಿಂದಿನ ಎರಡು ಕಥಾಸಂಕಲನಗಳನ್ನು ಓದಿದವರು ಒಟ್ಟು ನಲವತ್ತು ಜನ. ಅವರಲ್ಲಿ ಒಂಬತ್ತು ಮಂದಿ ನೆಂಟರು. ಹೀಗಾಗಿ ಅಕ್ಕನ ಮಾತು ಕೇಳುವುದೇ ಲೇಸು.)

೨

ಹಾಗಾದರೆ ಅಕ್ಕನಿಂದಲೇ ಶುರು ಮಾಡೋಣ. ನನ್ನ ಅಕ್ಕ ಅಗ್ನಿಶಾಮಕ ಠಾಣೆಯಲ್ಲಿ ಗಾಳಿ ತುಂಬುವವಳು. ಬೆಂಕಿಗೆ ನುಗ್ಗುವವರು ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರುಗಳಿಗೆ ಉಸಿರಾಡುವ ಗಾಳಿ ತುಂಬುವುದು ಹನ್ನೊಂದು ವರ್ಷದಿಂದ ಅವಳ ಕೆಲಸ. ಅವಳ ಗಂಡ, ಅಂದರೆ ನನ್ನ ಭಾವ, ಅದೇ ಠಾಣೆಯಲ್ಲಿ ಬೆಂಕಿಗೆ ನುಗ್ಗುವವರ ಪೈಕಿ ಒಬ್ಬ. ಹೆಂಡತಿ ತುಂಬಿದ ಗಾಳಿಯನ್ನು ಗಂಡ ಉಸಿರಾಡುತ್ತಾನೆ. (ಈ ವಾಕ್ಯವನ್ನೂ ತೆಗೆಯಲು ಹೇಳಿದ್ದಳು. ತೆಗೆದಿಲ್ಲ.)

ಠಾಣೆಯ ಹಿಂಭಾಗದಲ್ಲಿ ಅವಳ ಕೋಣೆ. ಒಂದು ಕಂಪ್ರೆಸರ್, ಒಂದು ತಕ್ಕಡಿ, ಗೋಡೆಯುದ್ದಕ್ಕೂ ಹಳದಿ ಸಿಲಿಂಡರುಗಳ ಸಾಲು, ಕೂರಲು ಒಂದು ಸ್ಟೂಲು. ಹೊರಗಿನ ಗಾಳಿಯನ್ನು ಯಂತ್ರ ಹಿಡಿದು ಒತ್ತುವಾಗ ಅದರ ಜೊತೆ ತೇವವೂ ಬರುತ್ತದೆ, ಯಂತ್ರದ ಎಣ್ಣೆಯ ಆವಿಯೂ ಸೇರುತ್ತದೆ. ತೇವ ಒಳಗೆ ಹೋದರೆ ಸಿಲಿಂಡರಿಗೆ ತುಕ್ಕು. ಎಣ್ಣೆಯ ಆವಿ ಹೋದರೆ ಮನುಷ್ಯನಿಗೆ ತಲೆಸುತ್ತು, ವಾಂತಿ. ಅದಕ್ಕೇ ಕೊನೆಯಲ್ಲಿ ಮೊಳಕೈಯುದ್ದದ ಒಂದು ಡಬ್ಬಿ ಇದೆ. ಅದರ ಕೆಳಭಾಗದಲ್ಲಿ ಸಾಬೂದಾನಿಯಂಥ ಬಿಳಿ ಕಾಳು ತೇವಕ್ಕೆ, ಮೇಲ್ಭಾಗದಲ್ಲಿ ಇದ್ದಿಲಿನ ಕರಿ ಕಾಳು ಆವಿಗೆ ಮತ್ತು ವಾಸನೆಗೆ.

"ಸ್ಪಂಜಿನ ಥರಾನಾ?" ಎಂದು ಕೇಳಿದ್ದೆ.

"ಅಲ್ಲ ಕಣೋ. ಸ್ಪಂಜು ಕುಡಿದು ಉಬ್ಬುತ್ತೆ, ಹಿಂಡಿದ್ರೆ ಬಿಡುತ್ತೆ. ಕಾಳು ಉಬ್ಬೋದಿಲ್ಲ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗೂಡುಗಳಿರ್ತವೆ, ಲೆಕ್ಕವಿಲ್ಲದಷ್ಟು. ತೇವ ಹೋಗಿ ಆ ಗೋಡೆಗಳಿಗೆ ಅಂಟ್ಕೊಳುತ್ತೆ. ಅದೇ ನಿನ್ನ ಅಧಿಶೋಷಣೆ. ಗೂಡೆಲ್ಲ ತುಂಬಿದ ಮೇಲೆ ಕಾಳಿಗೆ ಹಿಡಿಯೋ ಶಕ್ತಿ ಹೋಯ್ತು. ಆದ್ರೆ ನೋಡೋಕೆ ಮೊದಲಿನ ಥರಾನೇ ಇರುತ್ತೆ."

'ಮನುಷ್ಯರ ಹಾಗೆ' ಎಂದು ಬರೆದುಕೊಂಡೆ. ಅಕ್ಕ ಪೆನ್ನು ಕಿತ್ತುಕೊಂಡು ಹೊಡೆದುಹಾಕಿದಳು. "ಕಾಳನ್ನ ಕಾಳಾಗೇ ಬಿಡು."

ನೋಡಿದರೆ ಗೊತ್ತಾಗದ್ದನ್ನು ತಿಳಿಯಲು ಅವಳಿಗೆ ಎರಡು ದಾರಿ. ಒಂದು ತಕ್ಕಡಿ: ಕೆಲಸ ಮಾಡಿದ ಡಬ್ಬಿ ಹಿಡಿದ ತೇವದಷ್ಟು ಭಾರವಾಗಿರುತ್ತದೆ. ಇನ್ನೊಂದು ಅಂಗೈ: ಹೊಸ ಬಿಳಿ ಕಾಳನ್ನು ಅಂಗೈಯಲ್ಲಿಟ್ಟು ನೀರು ಹನಿಸಿದರೆ ಅದು ನೀರನ್ನು ಸೆಳೆದುಕೊಳ್ಳುವ ಭರಕ್ಕೆ ಬಿಸಿಯಾಗುತ್ತದೆ. ತುಂಬಿದ ಕಾಳು ಬಿಸಿಯಾಗುವುದಿಲ್ಲ.

ಇಷ್ಟು ಗೊತ್ತಿದ್ದರೆ ಸಾಕು. ಪರೀಕ್ಷೆಯೇನೂ ಇಲ್ಲ.

೩

ಈಗ ಉದ್ದಣ್ಣ. ಆರಡಿ ಮೂರಂಗುಲ ಇದ್ದುದರಿಂದ ಆ ಹೆಸರು. ಭಾವನ ಜೋಡಿಗಾರ. ಹೊಗೆಯೊಳಗೆ ಯಾರೂ ಒಬ್ಬರೇ ಹೋಗುವುದಿಲ್ಲ. ಜೋಡಿಯಾಗಿ ಒಳಗೆ, ಜೋಡಿಯಾಗಿ ಹೊರಗೆ ಎನ್ನುವುದು ಅವರ ಮೊದಲ ನಿಯಮ.

ಹಾಸಿಗೆಗಳ ಗೋದಾಮಿಗೆ ಬೆಂಕಿ ಬಿದ್ದ ಮಧ್ಯಾಹ್ನ ಇಬ್ಬರೂ ಒಳಗೆ ಹೋದರು. ಎಂಟು ನಿಮಿಷ ಕಳೆಯುವಷ್ಟರಲ್ಲಿ ಉದ್ದಣ್ಣ ಭಾವನ ಭುಜ ತಟ್ಟಿದ, ಹಿಡಿದಿದ್ದ ನೀರಿನ ಪೈಪು ಬಿಟ್ಟ, ಹೊರಗೆ ಓಡಿದ. ಭಾವ ಒಬ್ಬನೇ ಉಳಿದ. ಐದು ನಿಮಿಷದ ನಂತರ ಒಂದು ಅಟ್ಟಣಿಗೆ ಕುಸಿದು ಅವನ ಮುಂಗೈ ಮುರಿಯಿತು. ಬೇರೆಯವರು ಎಳೆದು ತಂದರು.

ಹೊರಗೆ ಉದ್ದಣ್ಣ ಮುಖವಾಡ ಕಿತ್ತೆಸೆದು ವಾಂತಿ ಮಾಡುತ್ತಿದ್ದ. "ಗಾಳಿ ಸರಿ ಇರ್ಲಿಲ್ಲ. ಎಣ್ಣೆ ವಾಸನೆ," ಎಂದ. ಠಾಣಾಧಿಕಾರಿ ಅವನ ಸಿಲಿಂಡರಿನ ತಿರುಪು ತಿರುಗಿಸಿ ಮೂಸಿದರು. ಹೊಗೆ ತುಂಬಿದ ಬೀದಿಯಲ್ಲಿ ಹೊಗೆಯದೇ ವಾಸನೆ ಬಂತು. "ಏನೂ ಇಲ್ವಲ್ಲಪ್ಪ," ಎಂದರು.

ಅಲ್ಲಿಗೆ ಉದ್ದಣ್ಣನ ಕಥೆ ಮುಗಿಯಿತು. ಜೋಡಿಯನ್ನು ಬಿಟ್ಟು ಓಡಿದವನು ಎಂದು ಅವನನ್ನು ಟೆಲಿಫೋನ್ ಕೋಣೆಗೆ ಹಾಕಿದರು. ಊಟದ ಮನೆಗೆ ಅವನು ಬಂದರೆ ಯಾರಾದರೊಬ್ಬರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಉಳಿದವರು ನಗುತ್ತಿದ್ದರು.

ಈ ಭಾಗ ಓದಿ ಭಾವ ನನಗೆ ಫೋನ್ ಮಾಡಿದ. "ನೋಡು, ನನ್ನ ಬಗ್ಗೆ ಏನು ಬೇಕಾದ್ರೂ ಬರಿ. ಆದ್ರೆ ನಾನು ನಕ್ಕೆ ಅಂತ ಬರೀಬೇಡ. ನಾನು ಒಂದಿನವೂ ನಕ್ಕಿಲ್ಲ."

ಹಿಂದಿನಿಂದ ಅಕ್ಕನ ದನಿ ಕೇಳಿಸಿತು. "ತಡೆದೂ ಇಲ್ಲ. ಅದನ್ನೂ ಬರಿಯೋಕೆ ಹೇಳಿ."

ಬರೆದಿದ್ದೇನೆ.

೪

ಆರು ವಾರದ ನಂತರ ಡಬ್ಬಿ ಬದಲಿಸುವ ದಿನ ಬಂತು. ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕ ಹಳೆಯ ಡಬ್ಬಿ ಹೊರತೆಗೆದು ತಕ್ಕಡಿಯಲ್ಲಿಟ್ಟಳು. ಹೊಸದಾಗಿದ್ದಾಗಿನ ತೂಕವನ್ನು ಅದರ ಮೈಮೇಲೇ ಬರೆದಿರುತ್ತಾಳೆ. ತಕ್ಕಡಿ ತೋರಿಸಿದ್ದು ಅದೇ ಅಂಕಿ. ಎರಡು ತಿಂಗಳು ಕೆಲಸ ಮಾಡಿದ ಡಬ್ಬಿ ಒಂದು ಚಿಟಿಕೆಯೂ ಭಾರವಾಗಿರಲಿಲ್ಲ.

ತಕ್ಕಡಿ ಕೆಟ್ಟಿದೆ ಎಂದುಕೊಂಡು ತನ್ನ ಊಟದ ಡಬ್ಬಿ ಇಟ್ಟು ನೋಡಿದಳು, ನೀರಿನ ಬಾಟಲಿ ಇಟ್ಟು ನೋಡಿದಳು. ತಕ್ಕಡಿ ಸರಿಯಾಗಿಯೇ ಇತ್ತು.

ಡಬ್ಬಿ ಕತ್ತರಿಸಿದಳು. ಒಂದು ಹಿಡಿ ಬಿಳಿ ಕಾಳನ್ನು ಅಂಗೈಗೆ ಹಾಕಿಕೊಂಡು ಬಾಟಲಿಯಿಂದ ನೀರು ಬಿಟ್ಟಳು.

ಕಾಳು ಬಿಸಿಯಾಯಿತು. ಕೈ ಕೊಡವುವಷ್ಟು ಬಿಸಿ.

ಅಂದರೆ ಎರಡು ತಿಂಗಳು ಗಾಳಿ ಆ ಕಾಳುಗಳ ಮಧ್ಯೆ ಹಾದೇ ಇರಲಿಲ್ಲ. ಎಲ್ಲಿಂದ ಹೋಯಿತು? ಡಬ್ಬಿ ಕೂರುವ ಗೂಡಿಗೆ ಟಾರ್ಚ್ ಬಿಟ್ಟಳು. ತಳದಲ್ಲಿ ಬಳೆಯಷ್ಟು ದಪ್ಪದ ಒಂದು ರಬ್ಬರ್ ರಿಂಗ್ ಇರಬೇಕು. ಅದಿದ್ದರೆ ಗಾಳಿಗೆ ಡಬ್ಬಿಯೊಳಗೇ ದಾರಿ. ಅದಿಲ್ಲದಿದ್ದರೆ ಸಂದಿಯಿಂದ ನುಸುಳಿ ತೇವ, ಎಣ್ಣೆ ಎಲ್ಲವನ್ನೂ ಹೊತ್ತುಕೊಂಡು ನೇರ ಸಿಲಿಂಡರಿಗೆ.

ರಿಂಗ್ ಇರಲಿಲ್ಲ.

ಆ ಡಬ್ಬಿ ಹಾಕಿದವನು ಭಾವ. ಆವತ್ತು ಅಕ್ಕ ಮಗಳ ಹಲ್ಲು ಕೀಳಿಸಲು ಹೋಗಿದ್ದಳು. "ಒಂದು ಡಬ್ಬಿ ತಾನೇ, ನಾನು ಹಾಕ್ತೀನಿ ಬಿಡು," ಎಂದಿದ್ದ. ಮರುದಿನ ಅವಳು ಬಿಚ್ಚಿ ನೋಡದೆ, 'ಪರಿಶೀಲಿಸಿದೆ' ಎಂಬ ಸಾಲಿನ ಮುಂದೆ ಸಹಿ ಹಾಕಿದ್ದಳು.

೫

ಇಲ್ಲಿ ನಾನು ಬರೆದದ್ದು: 'ಅವಳು ಒಂದು ಕ್ಷಣವೂ ತಡಮಾಡದೆ ಠಾಣಾಧಿಕಾರಿಯ ಬಳಿ ಹೋದಳು.'

"ಸುಳ್ಳು," ಎಂದಳು ಅಕ್ಕ.

"ಕಥೆ ಅಲ್ವಾ ಅಕ್ಕಾ. ನಿನ್ನನ್ನ ಒಳ್ಳೆಯವಳನ್ನಾಗಿ..."

"ನನ್ನನ್ನ ಒಳ್ಳೆಯವಳು ಮಾಡು ಅಂತ ನಿನ್ನನ್ನ ಕೇಳಿದ್ನಾ? ಸಿಲಿಂಡರುಗಳಿಗೆಲ್ಲ 'ಬಳಸಬೇಡಿ' ಅಂತ ಕೆಂಪು ಚೀಟಿ ಕಟ್ಟಿದೆ. ಅದು ತಕ್ಷಣ ಮಾಡಿದೆ. ಆಮೇಲೆ ಒಂದು ಗಂಟೆ ಸ್ಟೂಲ್ ಮೇಲೆ ಕೂತಿದ್ದೆ. ಹೊಸ ರಿಂಗ್ ಹಾಕಿ, ಎಲ್ಲ ಖಾಲಿ ಮಾಡಿ, ಮತ್ತೆ ತುಂಬಿಟ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಯಂತ್ರ ತೊಳೀಬೇಕು ಅಂತ ಏನೋ ಒಂದು ಕಾರಣ ಹೇಳಿದ್ರಾಯ್ತು. ಹೊಸ ರಿಂಗ್ ಹಾಕಿಯೂ ಬಿಟ್ಟಿದ್ದೆ."

"ಆಮೇಲೆ?"

"ಆಮೇಲೆ ಊಟದ ಹೊತ್ತಾಯ್ತು."

೬

ಊಟದ ಮನೆಯಲ್ಲಿ ಉದ್ದನೆಯ ಮೇಜು. ಭಾವ ಎಡಗೈಯಲ್ಲಿ ತಿನ್ನುತ್ತಿದ್ದ, ಬಲಗೈಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಉದ್ದಣ್ಣ ತಟ್ಟೆ ಹಿಡಿದು ಬಂದ. ಠಾಣೆಯ ಗಾಡಿಯ ಡ್ರೈವರ್ ಎರಡು ಬೆರಳಿನಿಂದ ಮೂಗು ಹಿಡಿದ. ಎಂದಿನಂತೆ ನಗು. ಉದ್ದಣ್ಣ ತಟ್ಟೆಯನ್ನು ಹಾಗೇ ಹಿಡಿದುಕೊಂಡು ಟೆಲಿಫೋನ್ ಕೋಣೆಗೆ ಹಿಂದಿರುಗಿದ.

ಅಕ್ಕ ಭಾವನನ್ನು ಅಂಗಳಕ್ಕೆ ಕರೆದಳು.

"ಆ ಡಬ್ಬಿಗೆ ನೀವು ರಿಂಗ್ ಹಾಕಿರ್ಲಿಲ್ಲ."

ಅವನು ಮೊದಲು ಅರ್ಥವಾಗದವನಂತೆ ನೋಡಿದ. ಆಮೇಲೆ ಅರ್ಥವಾಯಿತು.

"ಒಂದು ಕೇಳ್ತೀನಿ, ನಿಜ ಹೇಳಿ," ಎಂದಳು. "ಆವತ್ತು ಗೋದಾಮಲ್ಲಿ ನಿಮಗೂ ವಾಸನೆ ಬಂದಿತ್ತಾ?"

ಭಾವ ಪಟ್ಟಿಯ ಅಂಚನ್ನು ಸರಿಮಾಡಿಕೊಂಡ. "ಬಂದಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅವನು ಓಡಿದ್ದಕ್ಕೆ ಕೋಪ ಬಂದಿತ್ತು ಕಣೇ. ನಾನು ತಡ್ಕೊಂಡೆ, ಅವನ್ಯಾಕೆ ತಡ್ಕೊಳ್ಲಿಲ್ಲ ಅಂತ. ಆಸ್ಪತ್ರೆಗೆ ಎಲ್ರೂ ಬಂದು ಶಹಬ್ಬಾಸ್ ಅಂದ್ರು. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ."

"ಈಗ ನಾನು ಹೇಳ್ತೀನಿ."

"ಇಬ್ರ ಕೆಲಸವೂ ಹೋಗಬಹುದು."

"ಹೋಗಬಹುದು," ಎಂದಳು ಅಕ್ಕ. ಅವನು ಎಡಗೈಯಿಂದ ಅಂಗಿಯ ಗುಂಡಿ ಹಾಕಿಕೊಂಡ. ಆಮೇಲೆ, "ನಡಿ, ನಾನೂ ಬರ್ತೀನಿ," ಎಂದ.

(ಭಾವನಿಗೆ ನ್ಯಾಯವಾಗಿ ಸಲ್ಲಬೇಕಾದ ವಾಕ್ಯ ಇದೊಂದು. ಅದಕ್ಕೆ ನಾನು ಬಣ್ಣ ಹಚ್ಚಿಲ್ಲ.)

೭

ಠಾಣಾಧಿಕಾರಿ ಇಬ್ಬರ ಮಾತನ್ನೂ ಕೇಳಿದರು. ಮೊದಲು ಅವರು ಮಾಡಿದ್ದು ಪಕ್ಕದ ಠಾಣೆಗೆ ಫೋನ್: "ಒಂದು ಎಂಟು ಸಿಲಿಂಡರ್ ಕೊಡಿ, ತುರ್ತು." ಎರಡನೆಯದು, ಕೆಂಪು ಚೀಟಿ ಕಟ್ಟಿದ್ದ ಒಂದು ಸಿಲಿಂಡರನ್ನು ಪರೀಕ್ಷೆಗೆ ಕಳಿಸಿದ್ದು. ಎಣ್ಣೆ ಇರಬೇಕಾದ್ದಕ್ಕಿಂತ ಹೆಚ್ಚಿದೆ ಎಂದು ಸಂಜೆಯೊಳಗೆ ಉತ್ತರ ಬಂತು.

ಉದ್ದಣ್ಣನ ಸಿಲಿಂಡರಿನಲ್ಲಿ ಆವತ್ತು ಎಷ್ಟಿತ್ತು ಎಂದು ಮಾತ್ರ ಯಾರೂ ಹೇಳಲಾರರು. ಅದನ್ನು ಆಮೇಲೆ ಎಷ್ಟೋ ಸಲ ಖಾಲಿ ಮಾಡಿ ತುಂಬಿಯಾಗಿತ್ತು. ಆವತ್ತಿನ ಗಾಳಿ ಆವತ್ತೇ ಮುಗಿದಿತ್ತು.

ವಿಚಾರಣೆ ನಡೆಯಿತು. ಅಕ್ಕನಿಗೆ ಎಚ್ಚರಿಕೆ ಪತ್ರ. ಭಾವನಿಗೆ ಒಂದು ವರ್ಷ ಬಡ್ತಿ ಇಲ್ಲ, ಪಂಪಿನ ಹತ್ತಿರದ ಕೆಲಸ. ಕೆಲಸ ಇಬ್ಬರದೂ ಉಳಿಯಿತು. ನೀವು ಇನ್ನೂ ದೊಡ್ಡ ಶಿಕ್ಷೆ ನಿರೀಕ್ಷಿಸಿದ್ದರೆ ಕ್ಷಮಿಸಿ. ನಾನೂ ನಿರೀಕ್ಷಿಸಿದ್ದೆ, ಕಥೆಗೆ ಅನುಕೂಲವಾಗುತ್ತಿತ್ತು.

೮

ಆದರೆ ವಿಚಾರಣೆಗೆ ಮೊದಲೇ, ಅದೇ ಮಧ್ಯಾಹ್ನ, ಅಕ್ಕ ಟೆಲಿಫೋನ್ ಕೋಣೆಗೆ ಹೋಗಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದಳು: ತೂಕ, ಬಿಸಿಯಾದ ಕಾಳು, ಇಲ್ಲದ ರಿಂಗ್, ತನ್ನ ಸಹಿ, ಗಂಡನ ಮೌನ.

ನಡುವೆ ಫೋನ್ ಬಂತು. ಯಾರದೋ ಅಡುಗೆಮನೆಯಲ್ಲಿ ಹೊಗೆ. ಉದ್ದಣ್ಣ ವಿಳಾಸ ಬರೆದುಕೊಂಡ, ಗಂಟೆ ಒತ್ತಿದ, ಗಾಡಿ ಹೊರಡುವವರೆಗೂ ಕಿಟಕಿಯಿಂದ ನೋಡಿದ. ಆಮೇಲೆ ತಿರುಗಿ ಕೂತ.

"ವಾಸನೆ ಬಂದಿದ್ದು ನಿಜ ಅತ್ತಿಗೆ," ಎಂದ. "ನಾನು ಸುಳ್ಳು ಹೇಳಿರ್ಲಿಲ್ಲ."

"ಗೊತ್ತಾಯ್ತಪ್ಪ. ತಡವಾಗಿ ಗೊತ್ತಾಯ್ತು. ತಪ್ಪು ನಮ್ಮದು."

"ಆದ್ರೆ ಒಂದು ಮಾತು. ನಾನು ಓಡಿದ್ದು ವಾಸನೆಗಾ, ಹೆದರಿಕೆಗಾ ಅಂತ ನನಗೇ ಗೊತ್ತಿಲ್ಲ. ಆರು ವಾರದಿಂದ ಇಲ್ಲಿ ಕೂತು ಯೋಚನೆ ಮಾಡ್ತಿದೀನಿ. ಭುಜ ತಟ್ಟಿದೆ, ಅದು ನೆನಪಿದೆ. ಕೈ ಹಿಡಿದು ಎಳೀಬೇಕಿತ್ತು. ಎಳೀಲಿಲ್ಲ."

ಅವನ ತಟ್ಟೆಯಲ್ಲಿ ಊಟ ಹಾಗೇ ಆರಿಹೋಗಿತ್ತು. ಅಕ್ಕ ಅದನ್ನು ತೆಗೆದುಕೊಂಡು ಹೋಗಿ ಬಿಸಿಯಾದದ್ದು ಹಾಕಿಸಿಕೊಂಡು ಬಂದು ಅವನ ಮುಂದೆ ಇಟ್ಟಳು. ಅವನು ತಿಂದ. ಮುಗಿಯುವವರೆಗೂ ಅವಳು ಅಲ್ಲೇ ಕೂತಿದ್ದಳು.

೯

ಇನ್ನು ಮುಕ್ತಾಯ. ಮೂರು ಸಿದ್ಧ ಮಾಡಿಟ್ಟಿದ್ದೆ.

ಅ) ಉದ್ದಣ್ಣ ಮರಳಿ ಬೆಂಕಿಗೆ ನುಗ್ಗುತ್ತಾನೆ, ಡ್ರೈವರನ್ನೇ ಹೊತ್ತು ತರುತ್ತಾನೆ. (ಅಕ್ಕ: "ಥೂ.")

ಆ) ಉದ್ದಣ್ಣ ಕೆಲಸ ಬಿಟ್ಟು ಹೋಗುತ್ತಾನೆ. ಎಲ್ಲರೂ ತಲೆತಗ್ಗಿಸುತ್ತಾರೆ. (ಭಾವ: "ನಮ್ಮವರು ತಲೆ ತಗ್ಗಿಸೋದಾ? ನೀನು ನಮ್ಮ ಠಾಣೆಗೆ ಬಂದೇ ಇಲ್ಲ ಅನಿಸುತ್ತೆ.")

ಇ) ಇದನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಬಹಳ ಇಷ್ಟವಾದದ್ದು ಇದೇ.

ನಡೆದದ್ದು ಇಷ್ಟು. ಠಾಣಾಧಿಕಾರಿ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಗಾಳಿಯ ವಿಷಯ ಹೇಳಿದರು. ಭಾವ ಮುಂದೆ ಬಂದು, ತನಗೂ ವಾಸನೆ ಬಂದಿತ್ತು ಎಂದ. ಡ್ರೈವರ್ ಆಮೇಲೆ ಮೂಗು ಮುಟ್ಟಿಕೊಳ್ಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಹಳೆಯ ಕೆಲಸಕ್ಕೆ ಮರಳಲು ಇಷ್ಟವಿದ್ದರೆ ಅರ್ಜಿ ಕೊಡು ಎಂದು ಉದ್ದಣ್ಣನಿಗೆ ಒಂದು ಫಾರಂ ಕೊಟ್ಟರು, ತಿಂಗಳ ಗಡುವು ಹಾಕಿ.

ಮೂರನೇ ವಾರ ನಾನೇ ಅವನನ್ನು ನೋಡಲು ಹೋದೆ. ಕಥೆಗಾರ ಎಂದು ಪರಿಚಯ ಹೇಳಿಕೊಂಡೆ. ಅವನು ಕುರ್ಚಿ ತೋರಿಸಿದ. ಫಾರಂ ಮೇಜಿನ ಗಾಜಿನಡಿ ಇತ್ತು, ಹೆಸರು ಮಾತ್ರ ತುಂಬಿತ್ತು.

"ನಿಮ್ಮ ಕಥೇಲಿ ನಾನು ಕೊನೆಗೆ ಏನು ಮಾಡ್ತೀನಿ?" ಎಂದು ಕೇಳಿದ.

"ಇನ್ನೂ ಬರೆದಿಲ್ಲ."

"ಬರೀಬೇಡಿ. ನೀವು ಬರೆದ್ರೆ ಓದಿದವರು ಅದನ್ನೇ ನಂಬ್ತಾರೆ. ಹೋದ ಸಲ ಹಂಗೇ ಆಯ್ತು. ಬೀದಿಯಲ್ಲಿ ನಿಂತು ಎಲ್ರೂ ಸೇರಿ ನನ್ನ ಕಥೆ ಮುಗಿಸಿಬಿಟ್ರು. ಮುಗಿದದ್ದು ನನಗೇ ಗೊತ್ತಿರ್ಲಿಲ್ಲ."

ಆ ಗಡುವು ಮುಗಿದು ಈಗ ಎಂಟು ತಿಂಗಳಾಯಿತು. ಉದ್ದಣ್ಣ ಫಾರಂ ಕೊಟ್ಟನೋ ಇಲ್ಲವೋ, ಕೊಟ್ಟಿದ್ದರೆ ಮತ್ತೆ ಹೊಗೆಯೊಳಗೆ ಹೋದನೋ ಇಲ್ಲವೋ ನನಗೆ ಗೊತ್ತು. ಅಕ್ಕನಿಗೂ ಗೊತ್ತು.

ನಿಮಗೆ ಹೇಳುವುದಿಲ್ಲ.