ಅಳತೆಗೆ ನಿಂತವನು

ಕರಕರ ಎನ್ನಬೇಕಿತ್ತು, ಎನ್ನಲಿಲ್ಲ. ಆಲಿಸ್ಟರ್ ಪ್ರೌಸ್ ಬಂಡೆಯಿಂದ ಕೆರೆದ ಇನ್ನೊಂದು ಚೂರನ್ನು ಹಲ್ಲಿನ ನಡುವೆ ಇಟ್ಟು ಕಡಿದ. ಮರಳಾದರೆ ಹಲ್ಲಿಗೆ ಸಿಗುತ್ತದೆ. ಇದು ಬೆಣ್ಣೆಯ ಹಾಗೆ ಜಾರಿತು. ಜೇಡಿ.

ತೊಂಗಪೊರುಟು ದಂಡೆಯ ಈ ಕಡಿದಾದ ಬಂಡೆಗೋಡೆಯ ಮುಂದೆ, ಭೂವಿಜ್ಞಾನಿಯಾಗಿ ಅವನು ಎಷ್ಟೋ ತೈಲ ಕಂಪನಿಯವರನ್ನು ನಿಲ್ಲಿಸಿ ಒಂದೇ ಪಾಠ ಒಪ್ಪಿಸಿದ್ದ. ಇದು ಒಂದಾನೊಂದು ಕಾಲದಲ್ಲಿ ಆಳಸಮುದ್ರದ ತಳದ ಕಾಲುವೆ. ನೆಲ ಎದ್ದು ದಂಡೆಗೆ ಬಂದಿದೆ. ಮೇಲಿಂದ ಕೆಳತನಕ ಮರಳು ನೋಡಿ, ಎಣ್ಣೆ ನಿಲ್ಲುವುದು ಮರಳಿನ ಸಂದಿಯಲ್ಲೇ. ಇದೇ ಜಾತಿಯ ಕಾಲುವೆ ಅಗೋ ಅಲ್ಲಿ, ಕಡಲಡಿಯಲ್ಲಿ ಹೂತಿದೆ. ಇಲ್ಲಿದ್ದದ್ದು ಅಲ್ಲೂ ಇರುತ್ತದೆ. ಅವನ ಈ ಮಾತಿನ ಮೇಲೇ ಎಣ್ಣೆಬಾವಿ ಕೊರೆಯುವ ಹಡಗನ್ನು ಗೊತ್ತುಮಾಡಿದ್ದರು.

ಈ ಚಳಿಗಾಲ ಕಡಲು ಗೋಡೆಯನ್ನು ಒಂದಿಷ್ಟು ತಿಂದುಹಾಕಿತ್ತು. ಒಂದು ಚಪ್ಪಡಿ ಕಳಚಿಬಿದ್ದ ಜಾಗದಲ್ಲಿ, ಬುಡದಿಂದ ಆಳುದ್ದಕ್ಕೆ, ಒಂದಾಳಿನ ಅಗಲಕ್ಕೆ, ಬೂದು ಜೇಡಿ ಇಣುಕುತ್ತಿತ್ತು. ಮರಳೆಲ್ಲ ಈ ಕಾಲುವೆಯಲ್ಲಿ ಹಾದು ಮುಂದೆಲ್ಲೋ ಹೋಗಿದೆ. ಕೊನೆಗೆ ಉಳಿದದ್ದು ಕೆಸರು. ಕೆಸರಿನಲ್ಲಿ ಎಣ್ಣೆ ನಿಲ್ಲುವುದಿಲ್ಲ.

"ಏನದು?" ಎಂದಳು ಮೊರ್ವೆನ್. ಅವನ ಮೇಲಧಿಕಾರಿ. ಕಣ್ಣು ಚೂಪು, ದನಿ ಇನ್ನೂ ಚೂಪು.

"ಜೇಡಿ. ಒಳಗೆ ಹೋದಂಗೆ ಅಗಲ ಆಗತ್ತೆ ಅನ್ಸತ್ತೆ."

"ಅನ್ಸತ್ತೆ ಅಂದ್ರೆ ಗೊತ್ತಿಲ್ಲ ಅಂತ ತಾನೆ?"

ಅವನಿಗೆ ಗೊತ್ತಿತ್ತು. "ಗೊತ್ತಿಲ್ಲ," ಎಂದ.

ಅಷ್ಟರಲ್ಲಿ ಬಂಡೆ ಬಳಸಿಕೊಂಡು ಟಿಯೊ ಬಂದರು. ಸಿಂಗಪುರದವರು, ಬಾವಿಗೆ ಅರ್ಧ ಹಣ ಹಾಕುವವರು. ಕರಿಮರಳು ಬೂಟಿನೊಳಗೆ ಸೇರಿದ್ದಕ್ಕೆ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ. ಅದೇ ತೊಂದರೆ.

"ಬನ್ನಿ, ಒಂದು ಫೋಟೊ ತೆಗೀರಿ," ಎಂದಳು ಮೊರ್ವೆನ್. "ಆಲಿ, ಹೋಗಿ ನಿಂತ್ಕೊ. ಅಳತೆಗೆ."

ಬಂಡೆಯ ಫೋಟೊದಲ್ಲಿ ಅಳತೆಗೊಬ್ಬ ಮನುಷ್ಯ ನಿಲ್ಲಬೇಕು. ಇಲ್ಲದಿದ್ದರೆ ಗುಡ್ಡ ಯಾವುದು, ಮೋರಿಕಟ್ಟೆ ಯಾವುದು ಗೊತ್ತಾಗುವುದಿಲ್ಲ. ಕಚೇರಿಯ ಗೋಡೆಗಳ ಮೇಲೆಲ್ಲ ಅವನಿದ್ದ, ಕಡ್ಡಿಯಷ್ಟು, ಮುಖವಿಲ್ಲದೆ. ಒಮ್ಮೆ ಹೆಂಡತಿ ಫಿಲಿಪಾ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು, "ಇದು ನೀನಾ?" ಎಂದಿದ್ದಳು. "ಇರಬೇಕು," ಎಂದಿದ್ದ.

ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಲಿಲ್ಲ. ಕಾಲಿಗೇ ಗೊತ್ತಿತ್ತು. ಬೆನ್ನು ಜೇಡಿಗೆ ತಾಗಿದಾಗ ತಣ್ಣಗಾಯಿತು. ಅಳೆದು ಹೊಲಿದಂತೆ, ಜೇಡಿಯೆಲ್ಲ ಅವನ ಹಿಂದೆ ಮರೆಯಾಯಿತು.

ಟಿಯೊ ಫೋನು ಕೆಳಗಿಳಿಸಿ ಅವನನ್ನೇ ನೋಡಿದರು. ಬಾವಿಯಲ್ಲಿ ಎಣ್ಣೆ ಸಿಗದಿದ್ದರೆ ತಮ್ಮ ಅಣ್ಣನ ಮಕ್ಕಳ ಪಾಲಿನ ಹಣವೂ ಮುಳುಗುತ್ತದೆ ಎಂದು ದಾರಿಯಲ್ಲಿ, ಮಾಂಸದ ಪೈ ತಿನ್ನುತ್ತ, ತಾವಾಗಿಯೇ ಹೇಳಿಕೊಂಡಿದ್ದರು.

"ಆಲಿಸ್ಟರ್, ನಾನು ಕಲ್ಲು ಓದೋನಲ್ಲ. ನೀವು ಹೇಳಿ. ಪೂರ್ತಿ ಮರಳೇನಾ?"

ಮೊರ್ವೆನ್ ಕಡಲ ಕಡೆ ನೋಡುತ್ತಿದ್ದಳು. ಅವನ ನಾಲಿಗೆಯ ಮೇಲೆ ಕೆಸರಿನ ರುಚಿ ಇನ್ನೂ ಇತ್ತು. ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಸಾಕಿತ್ತು, ಬಾಯಿ ತೆರೆಯುವ ಅಗತ್ಯವೂ ಇರಲಿಲ್ಲ.

"ಕಾಣೋದೆಲ್ಲ ಮರಳೇ," ಎಂದ.

ಸುಳ್ಳಲ್ಲ. ಅದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಟಿಯೊ ತಲೆಯಾಡಿಸಿ, ಹಾಗಾದರೆ ಇವತ್ತೇ ಒಪ್ಪಂದಕ್ಕೆ ರುಜು ಹಾಕಿಬಿಡೋಣ ಎಂದರು.

ಉಬ್ಬರ ಶುರುವಾಗಿತ್ತು. ಬಂಡೆಯ ಮೂಲೆ ತಿರುಗುವ ದಾರಿ ನೀರಿನಲ್ಲಿ ಮುಚ್ಚಿಹೋದೀತೆಂದು ಮೊರ್ವೆನ್ ಟಿಯೊ ಅವರನ್ನು ಹೊರಡಿಸಿದಳು. ಆಲಿಸ್ಟರ್ ಹಿಂದೆ ಬರುತ್ತೇನೆಂದ. ಟಿಯೊ ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದರು. ದೂರದಿಂದ ಮತ್ತೊಮ್ಮೆ ಫೋನು ಎತ್ತಿದರು. ಜೇಡಿ ಕಾಣದಂತೆ ಅವನು ಮೊಣಕೈ ಸ್ವಲ್ಪ ಅಗಲಿಸಿದ.

ಅವರು ಮೂಲೆ ತಿರುಗಿದರು. ದಂಡೆಯ ಮೇಲೆ ಯಾರೂ ಉಳಿಯಲಿಲ್ಲ. ಇನ್ನು ಸರಿಯಬಹುದು ಎಂದುಕೊಂಡ, ಸರಿಯಲಿಲ್ಲ. ನೀರು ಬೂಟು ದಾಟಿ ಮೊಣಕಾಲಿಗೆ ಬಂತು. ಬೆನ್ನ ಹಿಂದೆ ಜೇಡಿ ನೆನೆದು ಮೆತ್ತಗಾಗುತ್ತ, ಅವನ ಆಕಾರಕ್ಕೆ ಸರಿಯಾಗಿ, ಒಳಗೆ ಜಾಗ ಮಾಡಿಕೊಡುತ್ತಿತ್ತು.