ಮುಚ್ಚಳ ತೆಗೆದ ಸಂಜೆ

“ಭಾವ, ಮುಂದೆ ಬಂದು ಕೂತ್ಕೊಳ್ಳಿ,” ಎಂದು ಭಾಮೈದ ವೇದಿಕೆಯಿಂದ ಕರೆದ.

“ಇಲ್ಲೇ ಚೆನ್ನಾಗಿದೆ. ನೀನು ಶುರು ಮಾಡು.” ರಿಪೇರಿಯವನು ಕೊನೆಯ ಸಾಲಿನ ಕುರ್ಚಿ ಬಿಟ್ಟೇಳಲಿಲ್ಲ.

ನಾಲ್ಕು ವರ್ಷ, ತಿಂಗಳ ಮೊದಲ ಶನಿವಾರ ಸಂಜೆ ಈ ಕೂಟ ಸೇರುತ್ತಿದ್ದದ್ದು ಅವನ ಅಂಗಡಿಯಲ್ಲಿ. ಯಂತ್ರಗಳ ಹುಚ್ಚು ಹಿಡಿದವರೆಲ್ಲ ಬರುತ್ತಿದ್ದರು. ಅವನು ಮಾಡಿದ್ದು ಒಂದೇ ಕಟ್ಟಳೆ: ಏನೇ ತಂದರೂ ಮೊದಲು ಮುಚ್ಚಳ ತೆಗೆಯಬೇಕು, ಆಮೇಲೆ ಸ್ವಿಚ್ಚು. ಒಳಗೇನಿದೆ ಎಂದು ತೋರಿಸದವನಿಗೆ ಅಲ್ಲಿ ಬಾಯಿಲ್ಲ.

“ಆ ಗೂಡಿಗೆ ದೊಡ್ಡವರು ಯಾರು ಬರ್ತಾರೆ ಭಾವ?” ಎಂದು ಭಾಮೈದ ಕೂಟವನ್ನು ಗ್ರಂಥಾಲಯದ ಹಾಲಿಗೆ ಒಯ್ದ. ಕರಪತ್ರದಲ್ಲಿ ತಾನೇ ಸ್ಥಾಪಕನೆಂದು ಅಚ್ಚು ಹಾಕಿಸಿದ. ರಿಪೇರಿಯವನು ಅದನ್ನೂ ನುಂಗಿಕೊಂಡ. ನುಂಗಲಾಗದ್ದು ವೇದಿಕೆಯ ಮೇಜಿನ ಮೇಲಿದ್ದ ಈ ಪೆಟ್ಟಿಗೆ. ಮೋಟರಿನ ಸದ್ದು ಕೇಳಿ ಯಾವ ಬೇರಿಂಗ್ ಸವೆದಿದೆ ಎಂದು ಹೇಳುವ ಪೆಟ್ಟಿಗೆ. ಎರಡು ವರ್ಷ ಕಣ್ಣು ಕೆಡಿಸಿಕೊಂಡು ಮಾಡಿದ್ದು. ಒಂದು ವಾರ ನೋಡಿ ಕೊಡುತ್ತೇನೆಂದು ಒಯ್ದವನು ಅದಕ್ಕೆ ನೀಲಿ ಬಣ್ಣ ಬಳಿದು, ತನ್ನ ಹೆಸರು ಅಂಟಿಸಿ, ಇವತ್ತು ಅದನ್ನು ನೋಡಲು ಮೋಟರ್ ಕಂಪನಿಯ ಸಾಹೇಬರನ್ನೇ ಕರೆಸಿದ್ದ.

ಹೆಂಡತಿಗೆ ಹೇಳಿದ್ದಕ್ಕೆ, “ಅವನೂ ಬೆಳೀಲಿ ಬಿಡಿ, ನಿಮ್ಮ ಗಂಟೇನು ಹೋಗುತ್ತೆ?” ಎಂದಿದ್ದಳು. ತಾಯಿ ಹೋದಮೇಲೆ ಆ ತಮ್ಮನನ್ನು ಕಂಕುಳಲ್ಲಿಟ್ಟು ಸಾಕಿದವಳು ಅವಳೇ. ಇವತ್ತು ಅವಳೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು.

ರಿಪೇರಿಯವನು ಭಾಮೈದನನ್ನು ಮನೆಯಲ್ಲೇ ಕೇಳಿ ಮುಗಿಸಬಹುದಿತ್ತು. ಕೇಳಲಿಲ್ಲ. ಆಗುವುದು ನಾಲ್ಕು ಜನರೆದುರೇ ಆಗಲಿ ಎಂದು ಮೂರು ವಾರ ಹಲ್ಲು ಕಚ್ಚಿ ಕಾದ.

“ಇದರ ಒಂದೊಂದು ತಂತಿನೂ ನಾನೇ ಕೂರಿಸಿದ್ದು,” ಎಂದು ಭಾಮೈದ ಹೇಳುತ್ತಿದ್ದ. ಆ ಸುಳ್ಳು ಪೂರ್ತಿ ಹೊರಬರಲು ಬಿಟ್ಟು, ಆಮೇಲೆ ರಿಪೇರಿಯವನು ಎದ್ದ.

“ಮುಚ್ಚಳ ತೆಗಿಯಪ್ಪ.”

“ಅದು... ಆಮೇಲೆ ತೋರಿಸ್ತೀನಿ ಭಾವ.”

“ಕಟ್ಟಳೆ ನಿನಗೊಂದು, ಉಳಿದೋರಿಗೊಂದಾ?” ಅವನೇ ವೇದಿಕೆ ಹತ್ತಿ ನಾಲ್ಕೂ ಸ್ಕ್ರೂ ಬಿಚ್ಚಿದ.

ಒಳಗಿನ ತಂತಿಗಳನ್ನೆಲ್ಲ ಬೆರಳಗಲಕ್ಕೊಂದರಂತೆ ಮೇಣ ಹಚ್ಚಿದ ಕಪ್ಪು ದಾರದಿಂದ ಗಂಟು ಹಾಕಿ ಕಟ್ಟಲಾಗಿತ್ತು. ಹೊರಗೆಲ್ಲ ಬಣ್ಣ ಬಳಿದವನಿಗೆ ಒಳಗೆ ಕೈಯಿಡುವ ಧೈರ್ಯ ಬಂದಿರಲಿಲ್ಲ.

ಮುಂದಿನ ಸಾಲಿನಲ್ಲಿದ್ದ ನಿವೃತ್ತ ಅಂಚೆಯಣ್ಣ ಎದ್ದು ಬಂದು ಬಗ್ಗಿ ನೋಡಿದ. “ಈ ಗಂಟು ನನ್ನ ರೇಡಿಯೋ ಹೊಟ್ಟೇಲೂ ಇದೆಯಲ್ಲ.”

“ನನ್ನ ಮಿಷನ್ ಮೋಟರಲ್ಲೂ ಇದೆ,” ಎಂದಳು ಟೈಲರ್ ಅಕ್ಕ. “ದಾರ ಕೊಟ್ಟೋಳೇ ನಾನು.”

ರಿಪೇರಿಯವನು ಜೇಬಿನಿಂದ ಮೊಳದುದ್ದ ದಾರ ತೆಗೆದು ಮೇಜಿನ ಮೇಲಿಟ್ಟ. “ಒಂದೇ ಒಂದು ಗಂಟು ಹಾಕಿ ತೋರಿಸು. ಆತುರ ಏನಿಲ್ಲ, ಕಾಯ್ತೀವಿ.”

ಭಾಮೈದ ದಾರ ಸುತ್ತಿದ. ಜಾರಿತು. ಮತ್ತೆ ಸುತ್ತಿದ. ಮೂರನೆಯ ಸಲಕ್ಕೆ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿಂದ ಸಾಲಿಗೆ ಹಬ್ಬಿತು. ರಿಪೇರಿಯವನಿಗೆ ಮೂರು ವಾರದ ಉರಿಯ ಮೇಲೆ ತಣ್ಣೀರು ಸುರಿದಂತಾಯಿತು.

“ಇದು ನಿಮ್ಮದಾ?” ಎಂದು ಸಾಹೇಬರು ಕೇಳಿದರು.

“ಅವನನ್ನೇ ಕೇಳಿ.”

“ಭಾವಂದು,” ಎಂದ ಭಾಮೈದ, ಮೇಜಿಗೆ ಹೇಳುವಂತೆ.

ಜನ ಎದ್ದು ಪೆಟ್ಟಿಗೆಯ ಸುತ್ತ ಮುತ್ತಿಕೊಂಡರು. ಬೆನ್ನು ತಟ್ಟಿದರು, ಪ್ರಶ್ನೆಗಳ ಮಳೆ ಸುರಿಸಿದರು. ರಿಪೇರಿಯವನು ಉತ್ಸಾಹದಿಂದ ಹೇಳತೊಡಗಿದ. ಆದರೆ ಮಾತಿನ ನಡುವೆ ಏನೋ ಬುಸುಬುಸು ಸದ್ದು ಅಡ್ಡ ಬರುತ್ತಿತ್ತು. ಅಭ್ಯಾಸಬಲದಿಂದ ಅವನು ಪೆಟ್ಟಿಗೆಗೆ ಕಿವಿಯಿಟ್ಟ. ಅದರದಲ್ಲ. ತಲೆಯೆತ್ತಿದ. ಸದ್ದು ಗೋಡೆಯ ಸ್ಪೀಕರುಗಳಿಂದ ಬರುತ್ತಿತ್ತು. ವೇದಿಕೆಯ ಮೂಲೆಯಲ್ಲಿ ಭಾಮೈದ ಗೋಡೆಗೆ ಮುಖ ಮಾಡಿ ನಿಂತಿದ್ದ; ಕಾಲರಿಗೆ ಸಿಕ್ಕಿಸಿದ್ದ ಮೈಕನ್ನು ಯಾರೂ ಆರಿಸಿರಲಿಲ್ಲ. ಅವನು ಬಿಕ್ಕಿ ಅಳುವುದು ಹಾಲಿಗೆಲ್ಲ ಕೇಳುತ್ತಿತ್ತು.

ಹೆಂಡತಿ ಗಂಡನ ಪಕ್ಕದಿಂದಲೇ ಹಾದು ಹೋದಳು, ಅವನತ್ತ ನೋಡಲಿಲ್ಲ. ತಮ್ಮನನ್ನು ತನ್ನೆಡೆಗೆ ತಿರುಗಿಸಿಕೊಂಡು, ಕಾಲರಿನ ಮೈಕನ್ನು ಮೆಲ್ಲಗೆ ಬಿಡಿಸಿ, ಅಂಗೈಯಲ್ಲಿ ಮುಚ್ಚಿ ಹಿಡಿದಳು.